ಗೋಡೆ ಒಣಗಲಿ, ಆಮೇಲೆ ಬಣ್ಣ



ಹಬ್ಬ ಬಂತು ಅಂದರೆ ಮನೆಗೆ ಬಣ್ಣ ಬಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಸಂಘದಲ್ಲಿ ಸಾಲ ತೆಗೆದಾದರೂ ಬಳಿಸುತ್ತೇವೆ. ಬಳಿದ ದಿನ ಗೋಡೆ ಫಳಫಳ ಹೊಳೆಯುತ್ತದೆ. ಆದರೆ ಕೆಲವು ಮನೆಗಳಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಬಣ್ಣ ಬೊಬ್ಬೆ ಏಳುತ್ತದೆ. ಬೆರಳು ತಾಗಿದರೆ ಹಪ್ಪಳದ ಚೂರಿನ ಹಾಗೆ ಉದುರುತ್ತದೆ.

"ಪೇಂಟೇ ಸರಿ ಇಲ್ಲ ಕಣಕ್ಕ" ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಪೇಂಟು ಒಳ್ಳೆಯದೇ ಇರಬಹುದು. ಗೋಡೆ ಹಸಿ ಇದ್ದರೆ ಎಷ್ಟು ಬೆಲೆಯ ಪೇಂಟೂ ನಿಲ್ಲುವುದಿಲ್ಲ. ಯಾಕೆ? ನೋಡೋಣ.

ಸಿಮೆಂಟು ನೀರು ಕುಡಿಯುತ್ತದೆ

ಸಿಮೆಂಟು ಗಾರೆ, ಕಾಂಕ್ರೀಟು ನೋಡಲು ಕಲ್ಲಿನ ಹಾಗೆ ಗಟ್ಟಿ. ಆದರೆ ಒಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿವೆ. ಕಲಸುವಾಗ ಹಾಕಿದ ನೀರಿನಲ್ಲಿ ಒಂದು ಪಾಲು ಸಿಮೆಂಟಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಮಿಕ್ಕ ನೀರು ಆರಿಹೋಗುತ್ತದೆ. ಅದು ಇದ್ದ ಜಾಗ ತೂತಾಗಿ ಉಳಿಯುತ್ತದೆ.

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ ಅಲ್ವಾ? ಹಾಗೆಯೇ ಈ ತೂತುಗಳು ನೆಲದ ತೇವವನ್ನು ಗೋಡೆಗೆ ಎಳೆಯುತ್ತವೆ. ಆ ನೀರು ಹೊರಗೆ ಬರಲು ನೋಡುತ್ತದೆ. ಮೇಲೆ ಪೇಂಟಿನ ಪದರ ಅಡ್ಡ ಇರುತ್ತದೆ. ನೀರು ಹಿಂದಿನಿಂದ ಅದನ್ನು ತಳ್ಳುತ್ತದೆ. ಅದೇ ಬೊಬ್ಬೆ.

ನೀರಿನ ಜೊತೆ ಉಪ್ಪೂ ಬರುತ್ತದೆ. ನೀರು ಆರಿ ಉಪ್ಪು ಗೋಡೆಯ ಮೇಲೆ ಉಳಿಯುತ್ತದೆ. ಗೋಡೆಯ ಮೇಲೆ ಕಾಣುವ ಬಿಳಿ ಪುಡಿ ಅದೇ. ಹೊಸ ಗಾರೆಯಲ್ಲಿ ಸುಣ್ಣದಂಥ ಖಾರವೂ ಇರುತ್ತದೆ. ಗೋಡೆ ಹಸಿ ಇದ್ದರೆ ಆ ಖಾರ ಎಣ್ಣೆ ಪೇಂಟನ್ನು ತಿಂದುಹಾಕುತ್ತದೆ.

ನಷ್ಟ ಬಣ್ಣದ್ದು ಮಾತ್ರವಲ್ಲ

ತೇವ ಇದ್ದ ಕಡೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಗಾಳಿಯಿಂದ ಮಕ್ಕಳಿಗೆ ಕೆಮ್ಮು ಬರುತ್ತದೆ. ಉಬ್ಬಸ ಇದ್ದವರಿಗೆ ಅದು ಜಾಸ್ತಿಯಾಗುತ್ತದೆ. ಅದೇ ಕೋಣೆಯಲ್ಲಿ ರಾಗಿ, ಕೊಬ್ಬರಿ ಇಟ್ಟರೆ ಅವೂ ಕೆಡುತ್ತವೆ. ಬೂಷ್ಟು ಬಂದ ಕೊಬ್ಬರಿಗೆ ಬೆಲೆ ಎಲ್ಲಿ ಸಿಗುತ್ತದೆ?

ಕಾಯಿಗೆ ಇರುವ ತಾಳ್ಮೆ ಗೋಡೆಗೂ ಇರಲಿ

ಕೆಂಕೆರೆ, ಹುಳಿಯಾರು, ತಿಪಟೂರು, ತುರುವೇಕೆರೆ ಕಡೆಯ ನಮಗೆ ಒಣಗಿಸುವ ವಿದ್ಯೆ ಹೊಸದಲ್ಲ. ಉಂಡೆ ಕೊಬ್ಬರಿಗೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತೇವೆ. ಕಾಯಿ ಅಲ್ಲಾಡಿಸಿ, ಒಳಗಿನ ಗಿಟುಕು ಸದ್ದು ಮಾಡಿದರೆ ಮಾತ್ರ ಒಣಗಿದೆ ಅನ್ನುತ್ತೇವೆ. ಹಸಿ ಕಾಯಿ ಸುಲಿದು ಕೊಬ್ಬರಿ ಅಂತ ಯಾರೂ ಮಾರುವುದಿಲ್ಲ. ಗೋಡೆಯೂ ಹಾಗೆಯೇ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು.

ಹಾಗಾದರೆ ಏನು ಮಾಡಬೇಕು? ಐದು ಕೆಲಸ ಇವೆ.

1. ಹುಡುಕಿ. ನೀರು ಎಲ್ಲಿಂದ ಬರುತ್ತಿದೆ? ತಾರಸಿಯ ಬಿರುಕಿನಿಂದಲೋ? ಬಚ್ಚಲಿನಿಂದಲೋ? ಒಡೆದ ಪೈಪಿನಿಂದಲೋ? ಗೋಡೆಯ ಬುಡದಲ್ಲಿ ನಿಂತ ಮಳೆ ನೀರಿನಿಂದಲೋ?

2. ನಿಲ್ಲಿಸಿ. ಬಿರುಕು ಮುಚ್ಚಿಸಿ. ಪೈಪು ಸರಿ ಮಾಡಿಸಿ. ಬಚ್ಚಲ ನೀರು ಗೋಡೆಯಿಂದ ದೂರ ಹರಿದು ತೆಂಗಿನ ಬುಡಕ್ಕೆ ಹೋಗಲಿ. ನೀರು ಬರುತ್ತಿರುವಾಗ ಮೇಲೆ ಎಷ್ಟು ಬಳಿದರೂ ದಂಡ.

3. ಒಣಗಿಸಿ. ಹೊಸ ಗಾರೆಗೆ 7ರಿಂದ 10 ದಿನ ನೀರು ಹಾಯಿಸಲೇಬೇಕು. ಇಲ್ಲದಿದ್ದರೆ ಗಾರೆ ಗಟ್ಟಿಯಾಗುವುದಿಲ್ಲ. ಆಮೇಲೆ ನೀರು ನಿಲ್ಲಿಸಿ, ಕಿಟಕಿ ಬಾಗಿಲು ತೆರೆದು ಗಾಳಿಗೆ ಬಿಡಿ. ಗಾರೆ ಮಾಡಿದ ದಿನದಿಂದ ಕಡೇ ಪಕ್ಷ 28 ದಿನ ಬಣ್ಣ ಬೇಡ. ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕು. ಗೌರಿ ಹಬ್ಬ, ದೀಪಾವಳಿ ಮಳೆಯ ಆಸುಪಾಸಿನಲ್ಲೇ ಬರುತ್ತವೆ. ಆಗ ಆತುರ ಬೇಡ. ಸಂಕ್ರಾಂತಿ ಕಳೆದ ಮೇಲೆ ಯುಗಾದಿಯವರೆಗೆ ಒಳ್ಳೆಯ ಕಾಲ.

4. ಮುಚ್ಚಿ. ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಸಡಿಲ ಬಣ್ಣ ಕೆರೆದು ತೆಗೆಯಿರಿ. ಹಳೆಯ ಪೇಂಟಿನ ಧೂಳಿನಲ್ಲಿ ಸೀಸದ ವಿಷ ಇರಬಹುದು. ಸಣ್ಣ ಧೂಳನ್ನೂ ತಡೆಯುವ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ. ಆಮೇಲೆ ಸಿಮೆಂಟು ಗೋಡೆಗೆ ಹಾಕುವ ಪ್ರೈಮರ್ ಬಳಿಸಿ. ಇದು ತೂತುಗಳನ್ನು ಮುಚ್ಚುತ್ತದೆ, ಬಣ್ಣಕ್ಕೆ ಹಿಡಿತ ಕೊಡುತ್ತದೆ. ಬಚ್ಚಲು, ತಾರಸಿಗೆ ಪ್ರೈಮರ್ ಸಾಲದು. ನೀರು ತಡೆಯುವ ಲೇಪವನ್ನೇ ಎರಡು ಸಲ ಹಾಕಿಸಿ. ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ.

5. ಬಳಿಯಿರಿ. ಈಗ ಬಣ್ಣ. ಒಂದು ಸಲ ಬಳಿದದ್ದು ಒಣಗಿದ ಮೇಲೆ ಇನ್ನೊಂದು ಸಲ.

ಒಣಗಿದೆಯೋ ಇಲ್ಲವೋ, ಹೇಗೆ ತಿಳಿಯುವುದು?

ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಗೋ ನೆಲಕ್ಕೋ ಇಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ. ಗಾಳಿ ಆಡಬಾರದು. ಸಂಜೆ ಅಂಟಿಸಿ ಮಾರನೇ ದಿನ ಮಧ್ಯಾಹ್ನ ಬಿಚ್ಚಿ. ಕಡೇ ಪಕ್ಷ 16 ಗಂಟೆ ಆಗಿರಬೇಕು. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಇದೆಯಾ? ಗೋಡೆ ಕಪ್ಪಗಾಗಿದೆಯಾ? ಹಾಗಿದ್ದರೆ ಇನ್ನೂ ಹಸಿ. ಕಾಯಿರಿ. ನೆಲಕ್ಕೆ ಬಣ್ಣ ಬಳಿಸುವವರೂ ಹೀಗೇ ನೋಡಿ.

ಎಷ್ಟು ಕಾದರೂ ತೇವ ಆರದಿದ್ದರೆ ಅದು ತಳಪಾಯದಿಂದ ಏರುತ್ತಿರಬಹುದು. ಅಂಥ ಗೋಡೆಗೆ ಎಣ್ಣೆ ಪೇಂಟು ಬೇಡ. ಸುಣ್ಣವೇ ವಾಸಿ. ಸುಣ್ಣ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ನಮ್ಮ ಅಜ್ಜಿಯರ ಕಾಲದ ಮಣ್ಣಿನ ಗೋಡೆಗೆ ಅದಕ್ಕೇ ಸುಣ್ಣ ಒಪ್ಪುತ್ತಿತ್ತು.

ಹೊಸ ಮನೆ ಕಟ್ಟಿಸುವವರು ಮೊದಲೇ ಎಚ್ಚರ ವಹಿಸಿ. ತಳಪಾಯದ ಮೇಲೆ, ಗೋಡೆ ಏಳುವ ಮುಂಚೆ, ತೇವ ತಡೆಯುವ ಕಾಂಕ್ರೀಟು ಪಟ್ಟಿ ಹಾಕಿಸಿ. "ಅಣ್ಣಾ, ಡಿ.ಪಿ.ಸಿ. ಹಾಕ್ತೀರಾ?" ಅಂತ ಮೇಸ್ತ್ರಿಯನ್ನು ಕೇಳಿ. ನಮ್ಮ ಮನೆ, ನಮ್ಮ ದುಡ್ಡು. ಕೇಳಲು ಸಂಕೋಚ ಬೇಡ.

ಡಬ್ಬ ಓದಿ

ಈಗ ನಿಮಗೆ ಅಕ್ಷರ, ಅಂಕಿ ಬರುತ್ತದೆ. ಡಬ್ಬ ಕೊಳ್ಳುವಾಗ ಈ ಮೂರು ನೋಡಿ: ತಯಾರಾದ ತಾರೀಖು, ಎಷ್ಟು ನೀರು ಬೆರೆಸಬೇಕು, ಎಷ್ಟು ಗಂಟೆ ಒಣಗಬೇಕು. ಬರಹ ಇಂಗ್ಲಿಷಿನಲ್ಲಿದ್ದರೆ ಅಂಗಡಿಯವರಿಂದ ಓದಿಸಿ. ಅಂಕಿಯನ್ನು ನೀವೇ ಬರೆದಿಟ್ಟುಕೊಳ್ಳಿ.

ನೆನಪಿಡಿ: ಹುಡುಕಿ, ನಿಲ್ಲಿಸಿ, ಒಣಗಿಸಿ, ಮುಚ್ಚಿ, ಬಳಿಯಿರಿ.

ಮಾಡಿ ನೋಡಿ

1. ನಿಮ್ಮ ಮನೆಯಲ್ಲಿ ತೇವ ಇರುವ ಜಾಗ ಯಾವುದು? ಬರೆಯಿರಿ.
2. ಅಲ್ಲಿಗೆ ನೀರು ಎಲ್ಲಿಂದ ಬರುತ್ತಿದೆ? ಬರೆಯಿರಿ.
3. ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ. ಏನು ಕಂಡಿತು? ಕಲಿಕಾ ಕೇಂದ್ರದಲ್ಲಿ ಎಲ್ಲರಿಗೂ ಹೇಳಿ.