ಡೆಬಿಯನ್ ಅಳವಡಿಸಿದ ಮೇಲೆ ಮೊದಲ ಒಂದು ಗಂಟೆ

ಶಾಲೆಯ ಪ್ರಯೋಗಾಲಯದ ಗಣಕವೊಂದಕ್ಕೆ ಡೆಬಿಯನ್ ಗ್ನೂ/ಲಿನಕ್ಸ್ ಅಳವಡಿಸಿದ್ದೀರಿ ಎಂದಿಟ್ಟುಕೊಳ್ಳಿ. ಗಣಕ ನಿಮ್ಮ ಹೆಸರು, ಗುಪ್ತಪದ ಕೇಳಿ ಒಳಗೆ ಬಿಟ್ಟುಕೊಂಡಿದೆ. ಹೊಸ ತಂತ್ರಾಂಶವೊಂದನ್ನು ಸೇರಿಸೋಣವೆಂದು ಟರ್ಮಿನಲ್ ತೆರೆದು, ‘ಸುಡೊ’ ಎಂದು ಆರಂಭವಾಗುವ ಆಜ್ಞೆ ಕೊಡುತ್ತೀರಿ. ನಿಮ್ಮ ಹೆಸರು ಸುಡೋಯರ್ಸ್ ಕಡತದಲ್ಲಿಲ್ಲ ಎಂಬ ಉತ್ತರ ಬರಬಹುದು. ಹಳೆಯ ಆವೃತ್ತಿಗಳಲ್ಲಿ ಜೊತೆಗೆ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂಬ ಎಚ್ಚರಿಕೆ ಬೇರೆ ಇರುತ್ತಿತ್ತು! ಗಾಬರಿ ಬೇಡ. ವರದಿ ಹೋಗುವುದು ಆ ಗಣಕದ ನಿರ್ವಾಹಕರಿಗೆ, ಅಂದರೆ ನಿಮಗೇ.

ನಿಮ್ಮ ಗಣಕ ನಿಮ್ಮನ್ನೇ ತಡೆಯುವುದೇಕೆ? 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಯುನಿಕ್ಸ್ ಆರಂಭಿಸಿದಾಗ ಗಣಕಗಳು ಬಲು ದುಬಾರಿಯಾಗಿದ್ದವು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಿತ್ತು. ಒಬ್ಬರ ಕಡತವನ್ನು ಇನ್ನೊಬ್ಬರು ಕೆಡಿಸಬಾರದಲ್ಲವೆ? ಆದ್ದರಿಂದ ಪ್ರತಿ ಕಡತಕ್ಕೂ ಒಬ್ಬ ಒಡೆಯ. ಅದನ್ನು ಓದಲು, ತಿದ್ದಲು, ಚಾಲನೆ ಮಾಡಲು ಬೇರೆ ಬೇರೆ ಅನುಮತಿ. ಈ ಕಟ್ಟುಗಳನ್ನೆಲ್ಲ ಮೀರಬಲ್ಲ ಖಾತೆಯೇ ‘ರೂಟ್’. 1991ರಲ್ಲಿ ಬಂದ ಲಿನಕ್ಸ್ ಕೂಡ ಇದೇ ಏರ್ಪಾಡನ್ನು ಅನುಸರಿಸಿತು.

ಡೆಬಿಯನ್ ಅಳವಡಿಸುವಾಗ ರೂಟ್‌ಗೆ ಗುಪ್ತಪದ ಕೇಳುತ್ತದೆ. ಆ ಜಾಗವನ್ನು ಖಾಲಿ ಬಿಟ್ಟಿದ್ದರೆ ಮೊದಲ ಬಳಕೆದಾರರಿಗೆ ಸುಡೊ ಅಧಿಕಾರ ತಾನಾಗಿಯೇ ಸಿಗುತ್ತಿತ್ತು. ಗುಪ್ತಪದ ಕೊಟ್ಟಿದ್ದರೆ ಅದು ಸಿಗುವುದಿಲ್ಲ. ಜಾಗರೂಕರಾಗಿ ಗುಪ್ತಪದ ಕೊಟ್ಟವರೇ ಈ ತೊಡಕಿಗೆ ಸಿಲುಕುವುದು ವಿಚಿತ್ರ.

ಪರಿಹಾರ ಸುಲಭ. (ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕೊಟ್ಟಿದೆ, ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು.) ‘ಎಸ್‌ಯು’ ಎಂದು ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ ಎಂಟರ್ ಒತ್ತಿ. ರೂಟ್‌ನ ಗುಪ್ತಪದ ಕೊಡಿ. ಆಗ ತೆರೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಆ ಅಡ್ಡಗೆರೆಯನ್ನು ಮರೆಯಬೇಡಿ. 2019ರ 10ನೇ ಆವೃತ್ತಿಯಿಂದೀಚೆಗೆ, ಅದಿಲ್ಲದಿದ್ದರೆ ನಿರ್ವಾಹಕರ ಆಜ್ಞೆಗಳಿರುವ ಕಡತಕೋಶವನ್ನು ಗಣಕ ಹುಡುಕುವುದೇ ಇಲ್ಲ; ‘ಆಜ್ಞೆ ಸಿಗಲಿಲ್ಲ’ ಎಂದು ಸುಮ್ಮನಾಗುತ್ತದೆ. ಬಳಿಕ ‘ಎಪಿಟಿ ಇನ್‌ಸ್ಟಾಲ್ ಸುಡೊ’. ಅನಂತರ ‘ಆಡ್‌ಯೂಸರ್’, ನಿಮ್ಮ ಬಳಕೆದಾರ ಹೆಸರು, ‘ಸುಡೊ’ ಈ ಮೂರನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಬಂದರೆ ಹೊಸ ಅಧಿಕಾರ ಜಾರಿಗೆ ಬಂದಿರುತ್ತದೆ.

ಇಷ್ಟೆಲ್ಲ ಏಕೆ, ದಿನವೂ ರೂಟ್ ಆಗಿಯೇ ಕೆಲಸ ಮಾಡಬಾರದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅವರಿಗೆ ಈ ಉದಾಹರಣೆ ಕೊಡಿ. ‘ಆರ್‌ಎಂ’ ಕಡತ ಅಳಿಸುವ ಆಜ್ಞೆ. ಅದರ ಮುಂದೆ ನಕ್ಷತ್ರ ಚಿಹ್ನೆ, ಅದಕ್ಕೆ ಅಂಟಿದಂತೆ ‘.ಟಿಎಕ್ಸ್‌ಟಿ’ ಎಂದು ಬರೆದರೆ ಆ ಜಾತಿಯ ಕಡತಗಳು ಮಾತ್ರ ಹೋಗುತ್ತವೆ. ನಡುವೆ ಒಂದು ಖಾಲಿ ಜಾಗ ಬಿದ್ದರೆ? ನಕ್ಷತ್ರ ಒಂಟಿಯಾಗುತ್ತದೆ, ಒಂಟಿ ನಕ್ಷತ್ರವೆಂದರೆ ಅಲ್ಲಿರುವ ಎಲ್ಲ ಕಡತಗಳು ಎಂದರ್ಥ. ಹೀಗೆ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಸಾಮಾನ್ಯ ಖಾತೆಯಲ್ಲಿ ಈ ತಪ್ಪಾದರೆ ನಿಮ್ಮ ಕಡತಗಳಷ್ಟೇ ಹೋದಾವು. ಗಣಕದ ಹೊಂದಾಣಿಕೆಗಳಿರುವ ‘ಇಟಿಸಿ’ ಕಡತಕೋಶದಲ್ಲಿ ರೂಟ್ ಆಗಿ ನಿಂತು ಇದೇ ತಪ್ಪು ಮಾಡಿದರೆ ಮತ್ತೆ ಎಲ್ಲವನ್ನೂ ಮೊದಲಿನಿಂದ ಅಳವಡಿಸಬೇಕಾದೀತು! ಇದೇ ಕಾರಣಕ್ಕೆ ಪ್ರಯೋಗಾಲಯದಲ್ಲಿ ಪ್ರತಿ ವಿದ್ಯಾರ್ಥಿಗೂ ಬೇರೆ ಖಾತೆ ತೆರೆಯಿರಿ, ಸುಡೊ ಅಧಿಕಾರ ಶಿಕ್ಷಕರಲ್ಲಿರಲಿ.

ಮುಂದಿನದು ತಂತ್ರಾಂಶ ನವೀಕರಣ. ‘ಸುಡೊ ಎಪಿಟಿ ಅಪ್‌ಡೇಟ್’ ಎಂದರೆ ಲಭ್ಯ ತಂತ್ರಾಂಶಗಳ ಪಟ್ಟಿ ಮಾತ್ರ ಹೊಸದಾಗುತ್ತದೆ. ತಂತ್ರಾಂಶಗಳೇ ಹೊಸದಾಗಲು ‘ಸುಡೊ ಎಪಿಟಿ ಅಪ್‌ಗ್ರೇಡ್’ ಬೇಕು. ಡಿವಿಡಿಯಿಂದ ಅಳವಡಿಸಿದವರಿಗೆ ಗಣಕ ಪದೇ ಪದೇ ಡಿವಿಡಿ ಕೇಳಬಹುದು. ‘ಸೋರ್ಸಸ್.ಲಿಸ್ಟ್’ ಕಡತದಲ್ಲಿ ‘ಸಿಡಿರಾಮ್’ ಎಂಬ ಪದವಿರುವ ಸಾಲಿನ ಮೊದಲಿಗೆ # ಗುರುತು ಹಾಕಿದರೆ ಗಣಕ ಅದನ್ನು ಬಿಟ್ಟು ಮುಂದೆ ಸಾಗುತ್ತದೆ. ಆದರೆ ಅಂತರಜಾಲದ ಡೆಬಿಯನ್ ಭಂಡಾರದ ವಿಳಾಸ ಅದೇ ಕಡತದಲ್ಲಿದೆಯೇ ಎಂದು ನೋಡಿಕೊಳ್ಳಿ.

ಅದೇ ಗಣಕದಲ್ಲಿ ವಿಂಡೋಸ್ ಕೂಡ ಇದ್ದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳಬಹುದು. ಬ್ಯಾಟರಿ ಬದಲಿಸಲು ಹೊರಡಬೇಡಿ. ಲಿನಕ್ಸ್ ಸಾಮಾನ್ಯವಾಗಿ ಯಂತ್ರದ ಗಡಿಯಾರವನ್ನು ಜಾಗತಿಕ ಕಾಲಮಾನದಲ್ಲಿ ಇಡುತ್ತದೆ. ವಿಂಡೋಸ್ ಅದನ್ನೇ ಭಾರತೀಯ ಕಾಲಮಾನವೆಂದು ಓದುತ್ತದೆ. ‘ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಆಜ್ಞೆಯಿಂದ ಎರಡೂ ಹೊಂದಿಕೊಳ್ಳುತ್ತವೆ.

ಇನ್ನು ಕನ್ನಡ. ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಕಟ್ಟು ಗುಬ್ಬಿ, ನವಿಲು ಮೊದಲಾದ ಅಕ್ಷರಶೈಲಿಗಳನ್ನು ತರುತ್ತದೆ. ಬೆರಳಚ್ಚಿಗೆ ‘ಐಬಸ್-ಎಂ17ಎನ್’ ಬೇಕು. ಎರಡನ್ನೂ ‘ಸುಡೊ ಎಪಿಟಿ ಇನ್‌ಸ್ಟಾಲ್’ ಆಜ್ಞೆಯಿಂದ ಸೇರಿಸಿ, ಲಾಗ್ ಔಟ್ ಆಗಿ ಬಂದು, ಕೀಲಿಮಣೆಯ ಹೊಂದಾಣಿಕೆಯಲ್ಲಿ ಕನ್ನಡದ ‘ಕೆಜಿಪಿ’ ವಿನ್ಯಾಸ ಆರಿಸಿಕೊಳ್ಳಿ. ಇದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ‘ನುಡಿ’ ತಂತ್ರಾಂಶ ಬಳಸಿದವರಿಗೆ ಹೊಸದಾಗಿ ಕಲಿಯುವ ಕೆಲಸವಿಲ್ಲ. ಪರೀಕ್ಷಿಸಲು ಎ, ಕೆ, ಎಫ್, ಕೆ ಕೀಲಿಗಳನ್ನು ಒಂದರ ಹಿಂದೊಂದು ಒತ್ತಿ ನೋಡಿ. ತೆರೆಯ ಮೇಲೆ ‘ಅಕ್ಕ’ ಮೂಡಬೇಕು.