ಭಾರದ ಕಾರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆಯೇ? ಮಸ್ಟ್ಯಾಂಗ್ ಮತ್ತು ಲೋಟಸ್ ಎಲೀಸ್ ಫಾರ್ವರ್ಡ್‌ನ ಅಸಲಿ ಲೆಕ್ಕ

ಎರಡು ಕಾರುಗಳ ಫೋಟೊ ಅಕ್ಕಪಕ್ಕ ಇರುವ ಫಾರ್ವರ್ಡ್ ಒಂದನ್ನು ದಟ್ಟಗಳ್ಳಿಯ ಓದುಗರೊಬ್ಬರು ನಮಗೆ ಕಳುಹಿಸಿದ್ದಾರೆ. ಎಡಗಡೆ ಫೋರ್ಡ್ ಮಸ್ಟ್ಯಾಂಗ್ ಜಿಟಿ, 400 ಎಚ್‌ಪಿ. ಬಲಗಡೆ ಲೋಟಸ್ ಎಲೀಸ್, 118 ಎಚ್‌ಪಿ. ಕೆಳಗಿನ ಸಾಲು ಹೀಗಿದೆ: ‘ಟ್ರ್ಯಾಕ್‌ನಲ್ಲಿ ಚಿಕ್ಕ ಕಾರು ಹತ್ತಿರವೂ ಸುಳಿಯಲ್ಲ. ಭಾರದ ಕಾರು ರಸ್ತೆಯನ್ನು ಕಚ್ಚಿ ಹಿಡಿಯುತ್ತೆ, ಹಗುರ ಕಾರು ತಿರುವಿನಲ್ಲಿ ಹಾರಿಹೋಗುತ್ತೆ. ಎಲ್ಲರಿಗೂ ಶೇರ್ ಮಾಡಿ.’ ಓದುಗರ ಚಿಂತೆ ಆ ಎರಡು ಕಾರುಗಳದ್ದಲ್ಲ. ‘ನಮ್ಮ ಹುಡುಗ ಇದನ್ನೇ ನಂಬ್ಕೊಂಡು ರಿಂಗ್ ರೋಡಲ್ಲಿ ಗಾಡಿ ಓಡಿಸ್ತಾನೆ, ನಮ್ದು ದೊಡ್ಡ ಗಾಡಿ ಏನೂ ಆಗಲ್ಲ ಅಂತಾನೆ, ನಿಜಾನಾ?’ ಎಂದು ಕೇಳಿದ್ದಾರೆ.

ಎಚ್‌ಪಿ ಅಂಕಿಗಳು ಹೆಚ್ಚುಕಡಿಮೆ ಸರಿಯಾಗಿವೆ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಎಲ್ಲಿ ತಪ್ಪಿದೆ ಎಂದು ನೋಡೋಣ.

ಮಸ್ಟ್ಯಾಂಗ್ ಜಿಟಿ 2016ರಲ್ಲಿ ಭಾರತಕ್ಕೆ ಬಂತು. 5 ಲೀಟರಿನ ವಿ8 ಎಂಜಿನ್, ತೂಕ ಸುಮಾರು 1,700 ಕೆ.ಜಿ. ಎಲೀಸ್ 1996ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಪುಟ್ಟ ಕಾರು. ಅಲ್ಯೂಮಿನಿಯಂ ಚೌಕಟ್ಟು, ಫೈಬರ್ ಗ್ಲಾಸ್ ಮೈ, 1.8 ಲೀಟರಿನ ಎಂಜಿನ್, ತೂಕ ಬರೀ 725 ಕೆ.ಜಿ. ಅಂದರೆ ಒಂದು ಮಸ್ಟ್ಯಾಂಗ್‌ನ ತೂಕಕ್ಕೆ ಎರಡು ಎಲೀಸ್ ಇಟ್ಟರೂ ಸಾಲದು. ಎಚ್‌ಪಿಯನ್ನು ತೂಕದಿಂದ ಭಾಗಿಸಿದರೆ ಮಸ್ಟ್ಯಾಂಗ್‌ಗೆ ಒಂದು ಟನ್‌ಗೆ ಸುಮಾರು 235 ಎಚ್‌ಪಿ, ಎಲೀಸ್‌ಗೆ 163. ನೇರ ರಸ್ತೆಯಲ್ಲಿ ಮಸ್ಟ್ಯಾಂಗ್ ಮುಂದೆ ಹೋಗುವುದು ಖಚಿತ. ಆದರೆ ಫಾರ್ವರ್ಡ್ ಹೇಳುವಂತೆ ಮೂರೂವರೆ ಪಟ್ಟು ವ್ಯತ್ಯಾಸವಲ್ಲ, ಒಂದೂವರೆ ಪಟ್ಟಿಗಿಂತಲೂ ಕಡಿಮೆ.

ತಿರುವಿನಲ್ಲಿ ತೂಕ ಎಲ್ಲಿ ಹೋಯಿತು?

ಕಾರು ತಿರುವಿನಲ್ಲಿ ಹೋಗುವಾಗ ಅದನ್ನು ಒಳಕ್ಕೆ ಎಳೆದು ಹಿಡಿಯುವುದು ಟೈರ್ ಮತ್ತು ರಸ್ತೆಯ ನಡುವಿನ ಘರ್ಷಣೆ. ತೂಕ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚುತ್ತದೆ, ನಿಜ. ಫಾರ್ವರ್ಡ್ ಬರೆದವರು ಇಲ್ಲಿಗೇ ನಿಲ್ಲಿಸಿಬಿಟ್ಟಿದ್ದಾರೆ. ತೂಕ ಹೆಚ್ಚಾದಷ್ಟೂ ಕಾರನ್ನು ತಿರುಗಿಸಲು ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಎರಡೂ ಕಡೆ ತೂಕ ಇರುವುದರಿಂದ ಲೆಕ್ಕದಲ್ಲಿ ಅದು ಹೊಡೆದುಹೋಗುತ್ತದೆ. ಉಳಿಯುವುದು ಮೂರೇ: ಟೈರಿನ ಹಿಡಿತ, ತಿರುವಿನ ತ್ರಿಜ್ಯ ಮತ್ತು ಭೂಮಿಯ ಗುರುತ್ವ.

40 ಮೀಟರ್ ತ್ರಿಜ್ಯದ ತಿರುವು ಎಂದುಕೊಳ್ಳಿ. ಒಣ ರಸ್ತೆ, ಸಾಧಾರಣ ಟೈರ್ (ಹಿಡಿತ 0.8 ಎಂದು ಇಟ್ಟುಕೊಂಡರೆ) ಇದ್ದಾಗ ಜಾರದೆ ಹೋಗಬಹುದಾದ ಗರಿಷ್ಠ ವೇಗ ಗಂಟೆಗೆ ಸುಮಾರು 64 ಕಿ.ಮೀ. ಮಳೆ ಬಂದು ಹಿಡಿತ 0.5ಕ್ಕೆ ಇಳಿದರೆ ಅದೇ ತಿರುವಿನಲ್ಲಿ 50 ಕಿ.ಮೀ. ಟ್ರ್ಯಾಕ್‌ಗೆಂದೇ ಮಾಡಿದ ಮೆತ್ತನೆಯ ಟೈರ್ ಹಾಕಿದರೆ 78ರ ತನಕ ಹೋಗಬಹುದು. ಈ ಮೂರೂ ಅಂಕಿಗಳು ಮಸ್ಟ್ಯಾಂಗ್‌ಗೂ ಅವೇ, ಎಲೀಸ್‌ಗೂ ಅವೇ, ನಿಮ್ಮ ಮನೆ ಮುಂದೆ ನಿಂತಿರುವ ಆಲ್ಟೊಗೂ ಅವೇ. ತಿರುವಿನ ನಡುವೆ 400 ಕುದುರೆಗಳಿಗೆ ಮಾಡಲು ಕೆಲಸವೇ ಇಲ್ಲ.

ಇದು ಪುಸ್ತಕದ ಲೆಕ್ಕ. ನಿಜವಾದ ಟೈರಿನಲ್ಲಿ ಭಾರದ ಕಾರಿನ ಪಾಡು ಇನ್ನೂ ಸ್ವಲ್ಪ ಕೆಡುತ್ತದೆ. ರಬ್ಬರ್ ಮೇಲೆ ಭಾರವನ್ನು ಎರಡು ಪಟ್ಟು ಮಾಡಿದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಮಸ್ಟ್ಯಾಂಗ್‌ಗೆ ಅಷ್ಟು ಅಗಲದ ಟೈರ್ ಹಾಕಿರುವುದು ಈ ಕೊರತೆಯನ್ನು ತುಂಬಿಕೊಳ್ಳಲು.

ಹಾಗಾದರೆ ಹೈವೇಯಲ್ಲಿ ದೊಡ್ಡ ಗಾಡಿ ‘ಕೂತ್ಕೊಂಡು ಹೋಗುತ್ತೆ’ ಎಂದು ಎಲ್ಲರಿಗೂ ಅನಿಸುವುದೇಕೆ? ಅನುಭವ ಸುಳ್ಳಲ್ಲ. ಭಾರದ, ಉದ್ದನೆಯ ಕಾರನ್ನು ಸಣ್ಣ ಗುಂಡಿಯಾಗಲಿ ಪಕ್ಕದ ಗಾಳಿಯಾಗಲಿ ಅಷ್ಟಾಗಿ ಅಲುಗಾಡಿಸುವುದಿಲ್ಲ. ಒಳಗೆ ಕೂತವರಿಗೆ ನೆಮ್ಮದಿ ಎನಿಸುತ್ತದೆ. ಆದರೆ ಅದು ಕುಲುಕಾಟ ಕಡಿಮೆ ಇರುವ ನೆಮ್ಮದಿ. ಟೈರ್ ಜಾರುವ ಮಿತಿ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಅದು ತಿಳಿಸುವುದಿಲ್ಲ, ಮರೆಸುತ್ತದೆ. ಹಗುರ ಕಾರು ಅಲುಗಾಡಿ ಮೊದಲೇ ಎಚ್ಚರಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಬ್ರೇಕ್ ಹಾಕಿದರೆ ಆರು ಲೀಟರ್ ನೀರು ಕುದಿಯುತ್ತದೆ

ಟ್ರ್ಯಾಕ್‌ನಲ್ಲಿ ತೂಕ ನಿಜವಾಗಿ ಸೇಡು ತೀರಿಸಿಕೊಳ್ಳುವುದು ಬ್ರೇಕ್‌ನಲ್ಲಿ. ಚಾಲಕ ಸೇರಿ ಮಸ್ಟ್ಯಾಂಗ್ 1,775 ಕೆ.ಜಿ., ಎಲೀಸ್ 800 ಕೆ.ಜಿ. ಎಂದುಕೊಳ್ಳೋಣ. ಎರಡನ್ನೂ ಗಂಟೆಗೆ 180 ಕಿ.ಮೀ. ವೇಗದಿಂದ 60ಕ್ಕೆ ಇಳಿಸಬೇಕು. ಮಸ್ಟ್ಯಾಂಗ್‌ನಲ್ಲಿ ಹೊರಬರುವ ಶಕ್ತಿ ಸುಮಾರು 20 ಲಕ್ಷ ಜೌಲ್. ನಲ್ಲಿಯಿಂದ ಹಿಡಿದ ಆರು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖ ಅದು. ಎಲೀಸ್‌ನಲ್ಲಿ ಮೂರು ಲೀಟರ್‌ಗೂ ಕಡಿಮೆ. ಮಸ್ಟ್ಯಾಂಗ್‌ನ ಆ ಶಾಖವೆಲ್ಲ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಡಿಸ್ಕ್‌ಗಳಿಗೆ ಇಳಿಯುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಹೀಗೆ ಹತ್ತು ಸುತ್ತು ಹೊಡೆದರೆ ಬ್ರೇಕ್ ಪ್ಯಾಡ್ ವಿಪರೀತ ಕಾದು ಹಿಡಿತ ಕಳೆದುಕೊಳ್ಳಬಹುದು. ಬ್ರೇಕ್ ಆಯಿಲ್ ಕುದಿದರೆ ಇನ್ನೂ ಅಪಾಯ, ಪೈಪಿನಲ್ಲಿ ಆವಿಯ ಗುಳ್ಳೆ ತುಂಬಿ ಪೆಡಲ್ ನೆಲಕ್ಕೆ ಇಳಿದುಬಿಡುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು, ತೇವ ಕುಡಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಸರ್ವಿಸ್‌ನವರು ಹೇಳುವುದು ಇದಕ್ಕೇ. ದುಡ್ಡು ಕೀಳುವ ಉಪಾಯ ಎಂಬ ಇನ್ನೊಂದು ಫಾರ್ವರ್ಡ್ ನಂಬಬೇಡಿ.

ಟ್ರ್ಯಾಕ್‌ಗೆ ಹೋಗದವರಿಗೂ ಈ ಲೆಕ್ಕ ಬೇಕು. ಚಾಮುಂಡಿ ಬೆಟ್ಟದ ಮೇಲಿಂದ ಊರಿಗೆ ಸುಮಾರು 300 ಮೀಟರ್ ಇಳಿಜಾರು. ನಾಲ್ಕು ಜನ ಕೂತ 1,200 ಕೆ.ಜಿ. ಕಾರು ಇಳಿಯುವಾಗ ಹೊರಬರುವ ಶಕ್ತಿ 35 ಲಕ್ಷ ಜೌಲ್, ಮಸ್ಟ್ಯಾಂಗ್‌ನ ಆ ಒಂದು ಬ್ರೇಕ್‌ಗಿಂತ ಹೆಚ್ಚು. ಹತ್ತಾರು ನಿಮಿಷಗಳಲ್ಲಿ ಹಂಚಿಹೋಗುವುದರಿಂದ ಬಚಾವ್. ಎರಡನೇ ಗೇರ್‌ನಲ್ಲಿ ಇಳಿದರೆ ಎಂಜಿನ್ನೇ ಅದರಲ್ಲಿ ದೊಡ್ಡ ಪಾಲು ಹೊರುತ್ತದೆ. ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್ ಹಾಕುವವರು ಅಷ್ಟನ್ನೂ ಬ್ರೇಕ್ ಮೇಲೆ ಹೇರುತ್ತಾರೆ. ಉಳಿತಾಯವೂ ಇಲ್ಲ: ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರೈಕೆ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಹೋಗುತ್ತಲೇ ಇರುತ್ತದೆ.

ಬೆಂಗಳೂರಿನ ಡಾಲ್ಫಿನ್ ನೆನಪಿದೆಯೇ?

ಹಗುರ ಕಾರಿನ ಪಾಠಕ್ಕೆ ಬ್ರಿಟನ್ ತನಕ ಹೋಗಬೇಕಿಲ್ಲ. ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ 1982ರಲ್ಲಿ ಡಾಲ್ಫಿನ್ ಎಂಬ ಕಾರು ತಂದಿತ್ತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ, ಫೈಬರ್ ಗ್ಲಾಸ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಅರ್ಧ ಟನ್‌ಗಿಂತ ತುಸು ಹೆಚ್ಚು ತೂಕ. ಮಾರುಕಟ್ಟೆಯಲ್ಲಿ ಸೋತಿತು, 1983ರ ಕೊನೆಗೆ ಮಾರುತಿ 800 ಬಂದ ಮೇಲಂತೂ ಕೇಳುವವರಿಲ್ಲವಾದರು. ಆದರೆ ಆ ಕಾಲದ ರ‍್ಯಾಲಿ ಮತ್ತು ರೇಸ್‌ಪ್ರಿಯರು ಅದನ್ನು ಹುಡುಕಿಕೊಂಡು ಹೋದರು. ಅಂಬಾಸಿಡರ್‌ನ ಎದುರು ಅದಕ್ಕಿದ್ದ ಬಂಡವಾಳ ಹೆಚ್ಚಿನ ಎಚ್‌ಪಿ ಅಲ್ಲ, ಕಡಿಮೆ ತೂಕ.

ಕೊನೆಗೆ ಗೆಲ್ಲುವುದು ಯಾವುದು?

ಟ್ರ್ಯಾಕ್ ಯಾವುದು ಎಂದು ಕೇಳದೆ ಉತ್ತರಿಸಲಾಗದು. ದಿಲ್ಲಿ ಬಳಿಯ ಬುದ್ಧ ಸರ್ಕೀಟ್‌ನಲ್ಲಿ ಒಂದು ಕಿಲೋಮೀಟರ್‌ಗೂ ಉದ್ದದ ನೇರ ಓಟವಿದೆ. ಅಲ್ಲಿ ಮಸ್ಟ್ಯಾಂಗ್‌ನ ಪರವಾಗಿ ನಾವೂ ಪಣ ಕಟ್ಟುತ್ತೇವೆ. ಮೈಸೂರಿನವರಿಗೆ ಹತ್ತಿರದ ಟ್ರ್ಯಾಕ್ ಎಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ದಿಂಬಂ ಘಾಟಿ ಇಳಿದು ಹೋಗಬೇಕು. ಅದು ಎರಡು ಕಿ.ಮೀ.ಗಿಂತ ಸ್ವಲ್ಪ ಉದ್ದವಿದ್ದು, ಗಿಡ್ಡ ನೇರಗಳು, ಮೇಲಿಂದ ಮೇಲೆ ತಿರುವುಗಳು. ಅಲ್ಲಿ ಮಸ್ಟ್ಯಾಂಗ್ ತನ್ನ ಬಲ ತೋರಿಸುವಷ್ಟರಲ್ಲಿ ಬ್ರೇಕ್ ಹಾಕುವ ಜಾಗ ಬಂದಿರುತ್ತದೆ. ಒಂದೇ ಬಗೆಯ ಟೈರ್ ಹಾಕಿ ಹತ್ತು ಸುತ್ತು ಬಿಟ್ಟರೆ ಎಲೀಸ್ ಬಾಲ ಹಿಡಿದೇ ಇರುತ್ತದೆ, ಬ್ರೇಕ್ ಕಾದ ಮೇಲೆ ಮುಂದೆ ಹೋದರೂ ಆಶ್ಚರ್ಯವಿಲ್ಲ.

ದಟ್ಟಗಳ್ಳಿಯ ಓದುಗರಿಗೆ ನೇರ ಉತ್ತರ: ನಿಮ್ಮ ಹುಡುಗನ ದೊಡ್ಡ ಗಾಡಿ ರಿಂಗ್ ರೋಡಿನ ತಿರುವಿನಲ್ಲಿ ಚಿಕ್ಕ ಗಾಡಿಗಿಂತ ಒಂದು ಕಿ.ಮೀ. ಹೆಚ್ಚು ವೇಗವನ್ನೂ ತಡೆಯುವುದಿಲ್ಲ. ಜಾರಿದರೆ ಎದುರಿನ ಸ್ಕೂಟರ್‌ಗೆ ಅಪ್ಪಳಿಸುವ ಹೊಡೆತ ಮಾತ್ರ ತೂಕದಷ್ಟೇ ಹೆಚ್ಚು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಮನೆಯ ಕಾರಿನ ಇನ್ಶೂರೆನ್ಸ್ ಪತ್ರ ತೆರೆದು ‘ಬಳಕೆಯ ಮಿತಿ’ ಎಂಬ ಭಾಗ ಓದಿ. ರೇಸಿಂಗ್ ಮತ್ತು ವೇಗ ಪರೀಕ್ಷೆಗೆ ವಿಮೆ ಇಲ್ಲ ಎಂದು ಅಲ್ಲೇ ಬರೆದಿರುತ್ತದೆ. ಆ ಪುಟದ ಫೋಟೊ ತೆಗೆದು ಹುಡುಗನಿಗೆ ಕಳುಹಿಸಿ.