ಬಾಲ್ಕನಿ ಎಷ್ಟು ಅಡಿ ಮುಂದೆ ಬರಬಹುದು?

ಚನ್ನಪಟ್ಟಣದಲ್ಲಿ ನನ್ನ ತಂಗಿ ಮನೆ ಕಟ್ಟಿಸ್ತಿದ್ದಾಳೆ. 30x40 ಸೈಟು. ಮೊನ್ನೆ ಹೋದಾಗ ಮೇಸ್ತ್ರಿ, "ಮೇಲೆ ಬಾಲ್ಕನಿ ನಾಲ್ಕಡಿ ಎಳೆದುಬಿಡೋಣ ಅಕ್ಕಾ, ರೋಡ್ ಮೇಲಿನ ಗಾಳಿ ತಾನೆ, ಯಾರ್ ಕೇಳ್ತಾರೆ?" ಅಂದ್ರು. ತಂಗಿಗೂ ಆಸೆಯೇ. ತುಳಸಿ ಕುಂಡ, ಬಟ್ಟೆ ಒಣಗಿಸೋ ಹಗ್ಗ, ಸಂಜೆ ಕಾಫಿಗೆ ಎರಡು ಕುರ್ಚಿ. ಅಷ್ಟಾದರೂ ಹಿಡಿಯಬೇಡವೇ?

ರಾಮನಗರ, ಕನಕಪುರ, ಮಾಗಡಿಯ ಹೊಸ ಬಡಾವಣೆಗಳಲ್ಲೂ ಈ ಆಸೆ ಕಾಣುತ್ತೆ. ಹಳೇ ಮನೆಯ ಜಗಲಿಯೇ ಮಹಡಿ ಹತ್ತಿ ಬೀದಿಗೆ ಬಗ್ಗಿ ನಿಂತಂತೆ!

ಆದರೆ ಅದಕ್ಕೊಂದು ಲೆಕ್ಕವಿದೆ. ಬೆಂಗಳೂರಿನ 2003ರ ಕಟ್ಟಡ ಬೈಲಾ ಪ್ರಕಾರ ಬಾಲ್ಕನಿ ಸೆಟ್‌ಬ್ಯಾಕಿನ ಮೂರನೇ ಒಂದು ಭಾಗ ಮೀರಬಾರದು. ಮೊದಲ ಮಹಡಿಯಲ್ಲಿ ಹೆಚ್ಚೆಂದರೆ 1.1 ಮೀಟರ್. ಮುಂದೆ 1 ಮೀಟರ್ ಜಾಗ ಬಿಟ್ಟಿದ್ದರೆ ಸಿಗೋದು ಒಂದಡಿ ಚಿಲ್ಲರೆ. ಕುರ್ಚಿ ಹಾಗಿರಲಿ, ಕುಂಡ ಇಟ್ಟರೆ ಮುಗೀತು. ನಿಮ್ಮ ಸೈಟಿನ ಲೆಕ್ಕವನ್ನು ನಿಮ್ಮೂರ ನಗರಸಭೆ ಅಥವಾ ಪುರಸಭೆಯಲ್ಲೇ ಕೇಳಿ, ನಕ್ಷೆಯಲ್ಲಿ ಬಾಲ್ಕನಿ ತೋರಿಸಿಯೇ ಮಂಜೂರು ಮಾಡಿಸಿಕೊಳ್ಳಿ.

ನನಗೆ ಹೆಚ್ಚು ಭಯ ಕರೆಂಟ್ ತಂತಿಯದು. 11 ಕೆವಿ ಲೈನಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಅಂದರೆ ನಾಲ್ಕಡಿ ಅಂತರ ಇರಲೇಬೇಕು. ತಂಗಿ ಮನೆ ಗೋಡೆಯಿಂದ ಲೈನಿಗೆ ಆರಡಿ. ಮೇಸ್ತ್ರಿ ಮಾತು ಕೇಳಿದ್ದರೆ ಉಳೀತಿದ್ದದ್ದು ಎರಡೇ ಅಡಿ. ಒದ್ದೆ ಸೀರೆ ಕೊಡವೋ ಜಾಗವೇ ಅದು?

ಇನ್ನೊಂದು ಮಾತು. ಕೆಳಗೆ ಕಂಬವಿಲ್ಲದೆ ಚಾಚಿದ ಬಾಲ್ಕನಿಗೆ ಮುಖ್ಯ ಕಂಬಿ ಸ್ಲ್ಯಾಬಿನ ಮೇಲ್ಭಾಗದಲ್ಲಿರಬೇಕು, ಮನೆಯೊಳಗಿನ ಸ್ಲ್ಯಾಬಿಗೂ ಸಾಕಷ್ಟು ದೂರ ಹೋಗಿರಬೇಕು. ಕಾಂಕ್ರೀಟ್ ಹಾಕೋ ದಿನ ಕೆಲಸದವರು ತುಳಿದು ತುಳಿದು ಅದು ಕೆಳಗಿಳಿದುಬಿಡುತ್ತೆ. ಅವತ್ತು ಅಡುಗೆ ಬೇರೆಯವರು ಮಾಡಲಿ, ನೀವು ಮೇಲೇ ನಿಂತಿರಿ.

ಪ್ಯಾರಾಪೆಟ್ ಎತ್ತರ, ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ, ನೆಲದಿಂದ 1 ಮೀಟರಿಗೆ ಕಡಿಮೆ ಇರಬಾರದು. ಟೈಲ್ಸ್ ಹಾಕಿದ ಮೇಲೆ ಅಳೆಯಿರಿ. ಅಡ್ಡ ಕಂಬಿಯ ಗ್ರಿಲ್ ಚೆಂದ ಕಂಡರೂ ಮಕ್ಕಳಿಗೆ ಏಣಿ ಇದ್ದಂತೆ. ನಮ್ಮೂರಿನ ಮರದ ಕುದುರೆಯೂ ಅಷ್ಟೇ. ಗೋಡೆ ಪಕ್ಕಕ್ಕೆ ಎಳೆದು ಹತ್ತಿ ನಿಲ್ಲೋಕೆ ಮೂರು ವರ್ಷದ ಮಗುವಿಗೆ ಎಷ್ಟು ಹೊತ್ತು ಬೇಕು?

ಕೊನೆಗೆ ತಂಗಿ ಬಾಲ್ಕನಿಯನ್ನು ಹೊರಗೆ ಚಾಚದೆ, ಮಹಡಿಯ ರೂಮಿನ ಗೋಡೆಯನ್ನೇ ನಾಲ್ಕಡಿ ಒಳಗೆ ತಗೊಂಡಳು. ಎರಡು ಕುರ್ಚಿ ಹಿಡಿಯುತ್ತೆ. ರೂಮು ಚಿಕ್ಕದಾಯ್ತು ಅಂತ ಅವಳ ಅತ್ತೆಗೆ ಇನ್ನೂ ಬೇಜಾರಿದೆ.